ವೈಶಾಖದ ಕೆರೆಗಳು

ಚೈತ್ರ ವೈಶಾಖಗಳೆರಡು ಮಾಸಗಳು ವಸಂತಋತುವೆಂದು ಪಂಚಾಂಗವು ಹೇಳುತ್ತದೆ. ಕವಿಗಳಿಗೆ ಇದು ಮಾವಿನ ತಳಿರಿನ, ಕೋಗಿಲೆಯ, ತೆಂಕಣ ಗಾಳಿಯ ಕಾಲ. ಆದರೆ ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ವಾಸಮಾಡುವ ಮೀನುಗಳಿಗೆ ಈ ಋತುವಿನ ಉತ್ತರಾರ್ಧಕ್ಕಿಂತ ಸಂಕಟದ ಕಾಲವು ವರ್ಷದಲ್ಲಿ ಮತ್ತೊಂದಿಲ್ಲ. ಅವನ್ನು ಹಿಡಿಯುವವರಿಗೆ ಇದಕ್ಕಿಂತ ಒದಗಿದ ಕಾಲವೂ ಮತ್ತೊಂದಿರಲಿಲ್ಲ. ಬೆಂಗಳೂರಿನ ಬಡಗಣ ಕೆರೆಗಳಲ್ಲಿ ಈ ವೈಶಾಖದ ಸುಗ್ಗಿಯು ಹೇಗೆ ನಡೆಯುತ್ತಿದ್ದಿತು, ಯಾವ ಕಾರಣದಿಂದ ಅಳಿಯಿತು, ಅದರ ಸ್ಥಾನದಲ್ಲಿ ಏನು ಬಂದಿತು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೀನನ್ನು ಮುಟ್ಟದ ಮನೆಯಲ್ಲಿ ಹುಟ್ಟಿ, ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹೊಡೆದ ಉಪಾಧ್ಯಾಯನಿಗೆ ಮತ್ಸ್ಯವಿಚಾರವೇಕೆಂದು ವಾಚಕರಲ್ಲಿ ಕೆಲವರು ನಗಬಹುದು. ಕೆರೆಯ ನೀರಿನ ಗುಣವನ್ನು ಮೀನಿನಷ್ಟು ಚೆನ್ನಾಗಿ ಬಲ್ಲ ಪರೀಕ್ಷಕನು ಇನ್ನೊಬ್ಬನಿಲ್ಲ. ಆ ನೀರು ಭೂಮಿಯೊಳಗೆ ಇಂಗಿ ನಮ್ಮೆಲ್ಲರ ಬಾವಿಗಳಿಗೂ ಬರತಕ್ಕದ್ದು. ಆದಕಾರಣ ತಿನ್ನದವನಿಗೂ ಈ ವಿಚಾರದಲ್ಲಿ ಪಾಲುಂಟು.

ವಿದ್ಯಾರಣ್ಯಪುರದ ಸುತ್ತಣ ಊರುಗಳ ಹೆಸರುಗಳನ್ನೇ ನೋಡಿರಿ. ದೊಡ್ಡಬೊಮ್ಮಸಂದ್ರ, ಅಳ್ಳಾಲಸಂದ್ರ ಮುಂತಾದುವುಗಳ ಕೊನೆಯಲ್ಲಿರುವ ‘ಸಂದ್ರ’ ಎಂಬುದು ‘ಸಮುದ್ರ’ ಶಬ್ದದ ಸವೆದ ರೂಪವಲ್ಲದೆ ಬೇರೆಯಲ್ಲ. ಕೆರೆಯನ್ನು ಕಟ್ಟಿಸಿದವರು ಅದಕ್ಕೆ ಸಮುದ್ರವೆಂದು ಹೆಸರಿಟ್ಟರು. ಊರು ಆ ಹೆಸರನ್ನು ಹೊತ್ತಿತು. ಸಮುದ್ರವೆಂಬುದು ಅತಿಶಯೋಕ್ತಿಯೆಂದು ಹೇಳಬಹುದಾದರೂ, ನಿತ್ಯವಾಹಿನಿಯಾದ ನದಿಯೊಂದೂ ಇಲ್ಲದ ಈ ಎತ್ತರದ ನೆಲದಲ್ಲಿ ನೂರಾರು ಎಕರೆ ನೀರು ಒಂದೆಡೆ ನಿಂತುದನ್ನು ಕಂಡವರ ಸಂತೋಷವು ಆ ಹೆಸರಿನಲ್ಲಿ ಅಡಗಿದೆ. ನಮ್ಮ ನೆಲದ ಪಡುವಣ ಇಳಿಜಾರಿನ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಮೂಡಣ ಇಳಿಜಾರಿನದು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಯಲಹಂಕದ ಕೆರೆಯ ಕೋಡಿ ಬಿದ್ದರೆ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ. ಹೆಬ್ಬಾಳದ ಕೋಡಿಯ ನೀರು ನಾಗವಾರಕ್ಕೆ. ಮೇಲಿನ ಕೆರೆಯು ತುಂಬಿದ ಮೇಲೆ ಕೆಳಗಿನದಕ್ಕೆ ಪಾಲು. ಈ ಸರಪಣಿಯನ್ನು ಏರಿಳಿಯುತ್ತ ಮೀನುಗಳು ಒಂದು ಕೆರೆಯಿಂದ ಮತ್ತೊಂದಕ್ಕೆ ತಾವಾಗಿಯೇ ಹಬ್ಬುತ್ತಿದ್ದುವು.

ಇಂಥ ಕೆರೆಗೆ ವರ್ಷದಲ್ಲಿ ಒಂದು ಹುಟ್ಟು, ಒಂದು ಮರಣ. ಮುಂಗಾರಿನಲ್ಲಿ ಸ್ವಲ್ಪ, ಭಾದ್ರಪದ ಆಶ್ವಯುಜಗಳ ಮಳೆಯಲ್ಲಿ ಪೂರ್ತಿಯಾಗಿ ತುಂಬುವುದು. ಬಳಿಕ ತೂಬಿನ ಮೂಲಕ ಗದ್ದೆಗಳಿಗೆ ಹರಿದು, ಮಾಘದ ವೇಳೆಗೆ ಅರ್ಧವಾಗಿ, ಫಾಲ್ಗುನ ಚೈತ್ರಗಳಲ್ಲಿ ಅಂಗಳವು ಬಿರಿಯತೊಡಗುವುದು. ತೂಬಿನ ಬಾಯಿಯು ಕೆರೆಯ ತಳಕ್ಕಿಂತ ಸ್ವಲ್ಪ ಮೇಲೆ ಇರುತ್ತದಾದಕಾರಣ, ಅದಕ್ಕೆ ಹತ್ತದ ನೀರು ಏರಿಯ ಬುಡದಲ್ಲಿ ಮಡುವಾಗಿ ಉಳಿಯುತ್ತದೆ. ಕೆರೆ ಕಟ್ಟಿದವರು ಇದನ್ನು ತಿಳಿದೇ ಬಿಟ್ಟಿದ್ದರೆಂದು ನನ್ನ ಅಭಿಪ್ರಾಯ. ದನಕರುಗಳ ದಾಹಕ್ಕೂ ಮುಂದಿನ ವರ್ಷದ ಮೀನಿನ ಸಂತತಿಗೂ ಅದೇ ಆಧಾರ.

ವೈಶಾಖದ ಮೀನುಗಾರಿಕೆಯೆಂದರೆ ಈ ಮಡುವಿನ ಮೀನುಗಾರಿಕೆ. ನೂರು ಎಕರೆಯಲ್ಲಿ ಹರಡಿದ್ದ ಮೀನುಗಳೆಲ್ಲ ಐದಾರು ಎಕರೆಯ ಕೆಸರುನೀರಿಗೆ ಬಂದು ಸೇರಿರುತ್ತವೆ. ಮಳೆಗಾಲದಲ್ಲಿ ಹರಿಗೋಲಿನ ಮೇಲೆ ಕುಳಿತು ಅಲೆಯಬೇಕಾದ ಕೆಲಸವು ಈಗ ಮೊಣಕಾಲುದ್ದ ನೀರಿನಲ್ಲಿ ಬೀಸುಬಲೆಯಿಂದಲೇ ಆಗುತ್ತದೆ. ಬೆಳಗಿನ ಜಾವದಲ್ಲಿ ಮೀನುಗಳು ಮೇಲ್ನೀರಿಗೆ ಬಂದು ಬಾಯಿತೆರೆಯುವುದನ್ನು ಬೆಸ್ತರು ಬಲ್ಲರು. ಬಿಸಿಲೇರಿದ ಮೇಲೆ ಅವು ತಳದ ತಂಪಿಗೆ ಇಳಿಯುವುದನ್ನೂ ಬಲ್ಲರು. ಅಶ್ವಿನಿ, ಭರಣಿ, ಕೃತ್ತಿಕೆಯೆಂದು ಮಳೆಗಳನ್ನು ನಕ್ಷತ್ರದ ಹೆಸರಿನಿಂದ ಎಣಿಸುವ ನಮ್ಮ ರೈತರ ಲೆಕ್ಕದಲ್ಲಿ, ಸುಮಾರು ಏಪ್ರಿಲ್ 27ಕ್ಕೆ ಹುಟ್ಟುವ ಭರಣಿಯ ಮಳೆಯು ಈ ಕೆಲಸಕ್ಕೆ ಎಲ್ಲೆಕಟ್ಟು. ಆ ಮಳೆಯು ಬಲವಾಗಿ ಬಿದ್ದರೆ ಮಡುವಿನ ನೀರು ಹರಡಿ ಮೀನು ಕೈಗೆ ಸಿಕ್ಕದು. ಮುಂದೆ ಹೊಸನೀರು ಹರಿದು ಬಂದಾಗ ಅವು ಎದುರುನೀರನ್ನೇರಿ ಮೊಟ್ಟೆಯಿಡುವ ಕಾಲ. ಆಗ ಹಿಡಿಯುವುದು ಬೀಜದ ಕಾಳನ್ನು ಹುರಿದು ತಿಂದಂತೆ.

ಎಲ್ಲ ಮೀನುಗಳೂ ಈ ಬತ್ತುವಿಕೆಯನ್ನು ಒಂದೇ ರೀತಿಯಾಗಿ ತಾಳಲಾರವು. ಗೆಂಡೆ, ಪಕ್ಕೆ ಮೊದಲಾದ ಬೆಳ್ಳಿಮೈಯ ಮೀನುಗಳು ನೀರಿಲ್ಲದೆ ಕ್ಷಣಕಾಲವೂ ಬದುಕವು. ಕೊರವ, ಮುರುಗೋಡು, ಚೇಳುಮೀನು ಇವುಗಳ ಜಾತಿ ಬೇರೆ. ಇವುಗಳಿಗೆ ಕಿವಿರುಗಳಲ್ಲದೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅವಯವವೊಂದುಂಟು. ನೀರು ಹೋದಮೇಲೆ ಇವು ತೇವವಾದ ಕೆಸರಿನೊಳಗೆ ಹುದುಗಿ, ಮಳೆ ಬರುವ ತನಕ ಅನ್ನಾಹಾರಗಳಿಲ್ಲದೆ ಕಾಯಬಲ್ಲುವು. ಮೊದಲ ಮಳೆಗೆ ಆಕಾಶದಿಂದ ಮೀನು ಉದುರಿತೆಂದು ಹಳ್ಳಿಗರು ಆಶ್ಚರ್ಯಪಡುವುದುಂಟು. ಅದು ಆಕಾಶದಿಂದಲ್ಲ, ಅನೇಕವೇಳೆ ಕಾಲಡಿಯಿಂದಲೇ ಬಂದುದು. ಅಮರಸಿಂಹನು ವಾರಿವರ್ಗದಲ್ಲಿ ರೋಹಿತ, ಮದ್ಗುರ, ಶಕುಲ, ಶೃಂಗೀ ಎಂದು ಹೆಸರುಗಳನ್ನು ಕೊಟ್ಟಿರುವನು. ಪಾಠಶಾಲೆಯಲ್ಲಿ ‘ಮತ್ಸ್ಯವಿಶೇಷಃ’ ಎಂಬ ಒಂದೇ ಮಾತಿನಿಂದ ಈ ಶಬ್ದಗಳನ್ನೆಲ್ಲ ದಾಟಿಸಿಬಿಡುವ ವಾಡಿಕೆ. ಆದರೆ ಮದ್ಗುರವೇ ಬಂಗಾಳಿಯ ಮಾಗುರ್, ನಮ್ಮ ಮುರುಗೋಡು. ಶೃಂಗಿಯು ಅವರ ಶಿಂಗಿ, ನಮ್ಮ ಚೇಳುಮೀನು. ಶಕುಲವನ್ನು ಕೊರವನ ಜಾತಿಯೆಂದು ಹೇಳುವರು. ಕೋಶಕಾರನು ಕೆರೆಯನ್ನು ಕಂಡವನೇ ಹೊರತು ಬರಿಯ ಶಬ್ದಗಳನ್ನು ಪೋಣಿಸಿದವನಲ್ಲ.

ಬತ್ತುವ ಕೆರೆಯೂ ಅದರ ಮೀನೂ ನಮ್ಮ ಸಾಹಿತ್ಯಕ್ಕೆ ಹೊಸವಲ್ಲ. ಬರಗಾಲದಲ್ಲಿ ಕೆರೆ ಒಣಗುವುದೆಂದು ಹೆದರಿಸಿ, ಬೇರೆಡೆಗೆ ಸಾಗಿಸುವೆನೆಂದು ನಂಬಿಸಿ ಮೀನುಗಳನ್ನು ನುಂಗಿದ ಬಕನ ಕಥೆಯು ಪಂಚತಂತ್ರದ್ದು. ಅದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಹೇಳುವ ಮೂರು ಮೀನುಗಳ ಕಥೆ. ಅಲ್ಲಿ ಬೆಸ್ತರು ಹೆಚ್ಚು ಆಳವಿಲ್ಲದ ಒಂದು ಕೊಳಕ್ಕೆ ನಾನಾ ಕಡೆಗಳಲ್ಲಿ ಬಾಯಿ ತೆಗೆದು ನೀರನ್ನು ತಗ್ಗಿಗೆ ಹರಿಯಿಸಿಬಿಡುತ್ತಾರೆ. ಮುಂದಾಲೋಚನೆಯುಳ್ಳ ಮೀನು ನೀರಿನೊಡನೆಯೇ ಹೊರಟುಹೋಗುತ್ತದೆ, ಸಮಯಸ್ಫೂರ್ತಿಯುಳ್ಳದ್ದು ಹಿಡಿಯಲ್ಪಟ್ಟಂತೆ ನಟಿಸಿ ತಪ್ಪಿಸಿಕೊಳ್ಳುತ್ತದೆ, ಆಲಸಿಯಾದುದು ಸಾಯುತ್ತದೆ. ನಾವು ಬಾಲಕರಿಗೆ ಇದರ ನೀತಿಯನ್ನು ಹೇಳಿ ಮುಗಿಸುತ್ತೇವೆ. ನೀರನ್ನು ತಗ್ಗಿಸಿ ಮೀನನ್ನು ಹಿಡಿಯುವುದು ಆ ಕಾಲಕ್ಕೇ ಎಲ್ಲರಿಗೂ ತಿಳಿದ ಪದ್ಧತಿಯಾಗಿದ್ದಿತೆಂಬುದನ್ನು ಗಮನಿಸುವವರು ಕಡಮೆ. ಕಥೆಯ ಮೀನುಗಳು ಶಕುಲ ಜಾತಿಯವೆಂದು ಮೂಲದಲ್ಲಿಯೇ ಹೇಳಿದೆ.

ಈ ಮೀನು ಯಾರದು? ಕೌಟಿಲ್ಯನ ಅರ್ಥಶಾಸ್ತ್ರವು ಇದಕ್ಕೆ ನೇರವಾದ ಉತ್ತರವನ್ನು ಕೊಡುತ್ತದೆ: ಸೇತುಗಳಲ್ಲಿ, ಅಂದರೆ ಕಟ್ಟೆಕೆರೆಗಳಲ್ಲಿ, ಮೀನು, ದೋಣಿ, ಹಸಿರುಕಾಯಿಪಲ್ಲೆ ಇವುಗಳ ಸ್ವಾಮ್ಯವು ರಾಜನದು. ನಮ್ಮ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು 1909ರಲ್ಲಿ ಅಚ್ಚುಹಾಕಿಸಿದರೆಂಬುದು ಕನ್ನಡಿಗರಿಗೆಲ್ಲ ಹೆಮ್ಮೆಯ ಸಂಗತಿ. ಕೆರೆಯ ಮೀನಿನ ಹಕ್ಕನ್ನು ಸರ್ಕಾರವು ಹರಾಜು ಹಾಕುವ ಪದ್ಧತಿಯ ಬೇರು ಇಷ್ಟು ಹಿಂದಕ್ಕೆ ಹೋಗುತ್ತದೆ. ರಾಜನು ಮೀನನ್ನು ಕೇವಲ ಆದಾಯವೆಂದು ಎಣಿಸಿದನೆಂದೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ, ಇಪ್ಪತ್ತು ವಿನೋದಗಳ ಪ್ರಕರಣದೊಳಗೆ, ಮತ್ಸ್ಯವಿನೋದಕ್ಕೆಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಗ್ರಂಥದಲ್ಲಿ ದೊರೆಯುವ ಕಾಲವು ಶಕ 1051, ಎಂದರೆ ಕ್ರಿ.ಶ. 1129. ಹೊಟ್ಟುಳ್ಳ ಮೀನು, ಹೊಟ್ಟಿಲ್ಲದ ಮೀನು, ಕಡಲಿನದು, ನದಿಯದು, ದೊಡ್ಡದು, ನಡುತರದ್ದು, ಸಣ್ಣದು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ, ಗಾಳದ ಕೋಲೂ ದಾರವೂ ಹೇಗಿರಬೇಕು ಎಂಬುದನ್ನೆಲ್ಲ ವಿವರಿಸಿದ್ದಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಪರಿಶೀಲಿಸಿ ವಿದ್ವಲ್ಲೋಕದ ಗಮನಕ್ಕೆ ತಂದರು. ಕನ್ನಡ ನಾಡಿನ ಅರಸನೊಬ್ಬನು ಮೀನುಗಳ ಸ್ವಭಾವವನ್ನು ಇಷ್ಟು ಸೂಕ್ಷ್ಮವಾಗಿ ಬರೆದಿರುವಾಗ, ನಮ್ಮ ಶಾಲಾಪುಸ್ತಕಗಳಲ್ಲಿ ಅದರ ಸುಳಿವೂ ಇಲ್ಲದಿರುವುದು ಖೇದಕರ.

ರಾಜಸ್ವಾಮ್ಯಕ್ಕೆ ಪ್ರತಿಯಾಗಿ ಊರಸ್ವಾಮ್ಯವೂ ಇದ್ದಿತು. ಅದರ ಕುರುಹನ್ನು ಬೆಂಗಳೂರಿನ ಸುತ್ತಿನಲ್ಲಿ ಹುಡುಕುವುದಕ್ಕಿಂತ ಮಲೆನಾಡಿನ ಅಂಚಿನಲ್ಲಿ ಕಾಣುವುದು ಸುಲಭ. ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರದ ಕಡೆಗಳಲ್ಲಿ ಬೇಸಗೆಯ ಕೊನೆಯಲ್ಲಿ ‘ಕೆರೆಬೇಟೆ’ ನಡೆಯುತ್ತದೆ. ನೀರು ಸೊಂಟಕ್ಕಿಳಿದ ಮೇಲೆ ಊರವರು ದಿನವನ್ನು ಗೊತ್ತುಮಾಡುತ್ತಾರೆ. ಸುತ್ತಣ ಹಳ್ಳಿಯವರು ಗೊತ್ತಾದ ಕಾಸನ್ನು ಕೊಟ್ಟು, ತಳವಿಲ್ಲದ ಬಿದಿರಿನ ಕೂಣಿಗಳನ್ನು ಹಿಡಿದು ಒಮ್ಮೆಗೇ ನೀರಿಗೆ ಇಳಿಯುತ್ತಾರೆ. ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಣ ಬಾಯಿಂದ ಕೈಹಾಕಿ, ಒಳಗೆ ಸಿಕ್ಕಿದ ಮೀನನ್ನು ತೆಗೆಯುವುದು. ಕೂಡಿದ ಹಣವು ಊರಿನ ಕೆಲಸಕ್ಕೆ. ಇಲ್ಲಿ ಗಮನಿಸತಕ್ಕದ್ದು ಒಂದುಂಟು: ಸಾವಿರ ಕಾಲುಗಳು ತುಳಿದು ಕಲಕಿದ ಆ ತಳವು ಮುಂದಿನ ಕೆಲವು ದಿನಗಳಲ್ಲಿ ಒಣಗಿ, ಬಿಸಿಲನ್ನುಂಡು, ಮಳೆಗೆ ಸಿದ್ಧವಾಗುತ್ತದೆ.

ಆಂಗ್ಲರ ಕಾಲದಲ್ಲಿ ಮೀನಿನ ಪ್ರಶ್ನೆಯು ಕಾಗದಪತ್ರಗಳಿಗೆ ಏರಿತು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸನು ಮರಿಮೀನುಗಳ ನಾಶವನ್ನು ಕುರಿತು 1870ರಲ್ಲಿ ವರದಿ ಬರೆದನು; 1887ರಲ್ಲಿ ಕೆರೆಗಳಲ್ಲಿ ಗಾಳಹಾಕುವುದನ್ನೇ ವಿಷಯವಾಗಿಟ್ಟುಕೊಂಡು ಒಂದು ಪುಸ್ತಕವನ್ನು ಪ್ರಕಟಿಸಿದನು. ಫ್ರಾನ್ಸಿಸ್ ಡೇ ಎಂಬ ವೈದ್ಯನು 1873ರಲ್ಲಿ ದೇಶದ ಸಿಹಿನೀರಿನ ಮೀನುಗಾರಿಕೆಯ ಸ್ಥಿತಿಯನ್ನು ಸಂಗ್ರಹಿಸಿದನು. ಬಲೆಯ ಕಣ್ಣು ಎಷ್ಟು ಅಗಲವಿರಬೇಕು, ಮರಿಗಳನ್ನು ಹಿಡಿಯುವುದನ್ನು ತಡೆಯಬೇಕೇ ಎಂಬ ಚರ್ಚೆ ಅಂದಿನಿಂದ ನಡೆದಿದೆ. ಸಿಡಿಮದ್ದು, ವಿಷಗಳಿಂದ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯು ನಿಷೇಧಿಸಿತು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಯ ಮೃಗಗಳನ್ನೂ ಮೀನುಗಳನ್ನೂ ಸಂರಕ್ಷಿಸುವ ರೆಗ್ಯುಲೇಷನ್ನನ್ನು ಹೊರಡಿಸಿತು. ಇವೆಲ್ಲವೂ ಹಿಡಿಯುವವನ ಕೈಯನ್ನು ಕಟ್ಟುವ ಕಾನೂನುಗಳು. ನೀರೇ ಕೆಟ್ಟರೆ ಏನು ಗತಿಯೆಂಬುದು ಅಂದು ಮುಖ್ಯವಾದ ಪ್ರಶ್ನೆಯಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಮೊದಲು ಮೀನು ಬದಲಾಯಿತು, ಆಮೇಲೆ ನೀರು. ಆಫ್ರಿಕಾ ಮೂಲದ ತಿಲಾಪಿಯಾ ಎಂಬ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಸಂತೆಗಳಲ್ಲಿ ‘ಜಿಲೇಬಿ’ ಎಂಬ ಸಿಹಿಯಾದ ಹೆಸರಿನಿಂದ ಮಾರುವುದು ಇದನ್ನೇ. ಒರಿಸ್ಸಾದಲ್ಲಿ 1957ರ ಜುಲೈಯಲ್ಲಿ ಹೀರಾಲಾಲ್ ಚೌಧುರಿಯವರು, ಹರಿಯುವ ನದಿಯಲ್ಲಲ್ಲದೆ ಮೊಟ್ಟೆಯಿಡದ ಗಂಗಾತೀರದ ಗೆಂಡೆಗಳಿಗೆ ಗ್ರಂಥಿರಸವನ್ನು ಚುಚ್ಚಿ ಕೊಳದಲ್ಲಿಯೇ ಮರಿಮಾಡಿಸಿದರು. ಅಲ್ಲಿಂದ ಮುಂದೆ ಕಟ್ಲಾ, ರೋಹು, ಮೃಗಾಲ್‌ಗಳ ಮರಿಗಳನ್ನು ಎಲ್ಲಿ ಬೇಕಾದರೂ ಬಿಡುವುದು ಸಾಧ್ಯವಾಯಿತು. ಮಳೆಗಾಲದಲ್ಲಿ ಮರಿ ಬಿಟ್ಟು, ಚೈತ್ರ ವೈಶಾಖಗಳಲ್ಲಿ ನೀರು ತಗ್ಗಿದಾಗ ಹಿಡಿಯುವುದು ಋತುಕೆರೆಗಳ ಕ್ರಮವಾಯಿತು. ಹಳೆಯ ಸುಗ್ಗಿಗೆ ಹೊಸ ಬೀಜ. ಇದರಲ್ಲಿ ದೋಷವೇನೂ ಇರಲಿಲ್ಲ, ಬಡವರ ಊಟಕ್ಕೆ ಸಹಾಯವೇ ಆಯಿತು.

ನೀರಿನ ಕಥೆಯು ಹಾಗಲ್ಲ. ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಜಲಾಶಯದಿಂದ 1890ರ ದಶಕದ ಮಧ್ಯದಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಬೆಂಗಳೂರಿಗೆ ನಲ್ಲಿಯ ನೀರು ಬಂದಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ, ಅದೂ ಸಾಲದೆ 1974ರಲ್ಲಿ ಕಾವೇರಿ. ಹೊರಗಿನಿಂದ ನೀರು ಬಂದ ಮೇಲೆ ಊರಿನ ಕೆರೆಯ ಹಂಗು ತೀರಿತೆಂದು ಜನರು ತಿಳಿದರು. ಮನೆಗೆ ಬಂದ ನೀರಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಹೊಲಸಾಗಿ ಹೊರಗೆ ಹೋಗುವುದೆಂಬುದು ಇಂಜಿನಿಯರುಗಳ ಲೆಕ್ಕ. ಅದು ಇಳಿಜಾರಿನಲ್ಲಿ ಹರಿದು ಸೇರುವುದೆಲ್ಲಿಗೆ? ಮಳೆಯ ನೀರಿಗೆಂದು ಹಿರಿಯರು ತೋಡಿದ ರಾಜಕಾಲುವೆಯ ಮೂಲಕ ಕೆರೆಗೇ. ಮೈಸೂರರಸರೂ ಯಲಹಂಕದ ಪ್ರಭುಗಳೂ ಕನಸಿನಲ್ಲಿ ಕಾಣದಂಥ ನಿತ್ಯವಾಹಿನಿಯೊಂದು ನಮ್ಮ ಕೆರೆಗಳಿಗೆ ಪ್ರಾಪ್ತವಾಯಿತು! ವೈಶಾಖದಲ್ಲಿಯೂ ಕೆರೆ ತುಂಬಿಯೇ ಇರುವುದು. ದೂರದಿಂದ ನೋಡಿದವರಿಗೆ ಕಣ್ಣು ತಣಿಯುತ್ತದೆ.

ಈ ತುಂಬಿದ ಕೆರೆಯೇ ಮೀನಿಗೆ ಮೃತ್ಯುವಾಗುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವು ಕಡಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಶುದ್ಧಜಲದ ಒಂದು ಲೀಟರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದಾದರೆ, 30 ಡಿಗ್ರಿಯಲ್ಲಿ ಏಳೂವರೆಯನ್ನು ಮಾತ್ರ. 900 ಮೀಟರಿಗೂ ಮೇಲೆ ಇರುವ ಬೆಂಗಳೂರಿನಲ್ಲಿ ಅದಕ್ಕಿಂತಲೂ ಹತ್ತರಲ್ಲೊಂದು ಪಾಲು ಕಡಮೆ. ಗೆಂಡೆಯ ಜಾತಿಗೆ ನಾಲ್ಕೈದು ಮಿಲಿಗ್ರಾಂ ಇದ್ದರೆ ನೆಮ್ಮದಿ, ಎರಡಕ್ಕಿಳಿದರೆ ಉಬ್ಬಸ. ಹೊಲಸುನೀರಿನ ಸಾರವನ್ನುಂಡ ಪಾಚಿಯು ಹಗಲಿನಲ್ಲಿ ಬಿಸಿಲಿದ್ದಾಗ ಆಮ್ಲಜನಕವನ್ನು ಕೊಡುತ್ತದೆ; ರಾತ್ರಿಯಲ್ಲಿ ತಾನೂ ಉಸಿರಾಡಿ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ತಳದ ಕೊಳೆಯೂ ಅದನ್ನೇ ತಿನ್ನುತ್ತದೆ. ಹೀಗೆ ಅರುಣೋದಯದ ವೇಳೆಗೆ ನೀರು ಬರಿದು. ಅಂಥ ರಾತ್ರಿಯ ಹಿಂದಿನ ಸಂಜೆ ಗುಡುಗಿನ ಮಳೆಯೊಂದು ಬಿದ್ದು ಚರಂಡಿಗಳ ಕಸವನ್ನೆಲ್ಲ ಒಮ್ಮೆಗೇ ತಂದು ಸುರಿದರೆ, ಬೆಳಗಾಗುವಾಗ ಕೆರೆಯ ಅಂಚು ಬೆಳ್ಳಗೆ ಕಾಣುವುದು. ಅದು ನೊರೆಯಲ್ಲ, ಸತ್ತ ಮೀನು. ಮಾವಿನ ಮಳೆಯೆಂದು ನಾವು ಹರ್ಷಿಸುವ ಮಳೆಯ ಇನ್ನೊಂದು ಮುಖವಿದು.

ದೃಷ್ಟಾಂತಗಳಿಗೆ ಕೊರತೆಯಿಲ್ಲ. 1882ರಲ್ಲಿ ಕಟ್ಟಿದ ಸ್ಯಾಂಕಿಯ ಕೆರೆಯಲ್ಲಿ 1995ರ ಜೂನ್ ತಿಂಗಳಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತುವು. ಹೊಲಸು ಸೇರಿ ಆಮ್ಲಜನಕವು ಥಟ್ಟನೆ ಕುಸಿದುದೇ ಕಾರಣವೆಂದು ಪರೀಕ್ಷಿಸಿದ ವಿದ್ವಾಂಸರು ಬರೆದರು. 2016ರ ಮಾರ್ಚಿಯಲ್ಲಿ ಹಲಸೂರಿನ ಕೆರೆಯಲ್ಲಿ ಇದೇ ದೃಶ್ಯವನ್ನು ದೇಶವೆಲ್ಲ ಪತ್ರಿಕೆಗಳಲ್ಲಿ ನೋಡಿತು. ಆ ವರ್ಷದ ಏಪ್ರಿಲ್ 24ರಂದು ಬೆಂಗಳೂರಿನ ತಾಪವು 39.2 ಡಿಗ್ರಿಯನ್ನು ಮುಟ್ಟಿತು. ಇಂಥ ನೀರಿನಲ್ಲಿ ಉಳಿಯುವವು ಯಾವುವು? ಗಾಳಿಯನ್ನು ಉಸಿರಾಡಬಲ್ಲವು, ಕೊಳೆಯನ್ನು ತಾಳಬಲ್ಲವು. ಎಂದರೆ ತಿಲಾಪಿಯಾ ಮತ್ತು ಸರ್ಕಾರವು ಸಾಕಬಾರದೆಂದು ನಿಷೇಧಿಸಿದ ಆಫ್ರಿಕದ ಮುರುಗೋಡು. ನಮ್ಮ ಮದ್ಗುರನ ಮನೆಯಲ್ಲಿ ಅದರ ದಾಯಾದಿಯು ಕುಳಿತಿದೆ.

ಹಾಗಾದರೆ ಬತ್ತದ ಕೆರೆಯೆಲ್ಲವೂ ಕೆಟ್ಟುದೇ ಎಂದು ಕೇಳಿದರೆ, ಅಲ್ಲವೆನ್ನುವುದಕ್ಕೆ ಜಕ್ಕೂರಿನ ಕೆರೆಯು ಸಾಕ್ಷಿ. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರಿನ ಲೆಕ್ಕದಲ್ಲಿ ಕಟ್ಟಿದ ಶುದ್ಧೀಕರಣದ ಯಂತ್ರದಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ, ಆಪು ಜೊಂಡುಗಳು ಬೆಳೆದ ಜೌಗುನೆಲದಲ್ಲಿ ಹಾದು, ತನ್ನ ಸಾರವನ್ನು ಅಲ್ಲಿ ಬಿಟ್ಟು ಮುಂದುವರಿಯುತ್ತದೆ. ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕಬೇಕು. ಅದನ್ನು ಮರೆತರೆ ಫಲವಿಲ್ಲ. ಅಲ್ಲಿ ಬಲೆಗಳು ಬೀಳುತ್ತವೆ, ಹೆಜ್ಜಾರ್ಲೆಗಳೂ ನೀರುಕಾಗೆಗಳೂ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ.

ಆದರೂ ಬತ್ತುವುದರಿಂದ ಆಗುತ್ತಿದ್ದ ಕೆಲಸವೊಂದನ್ನು ಜೌಗುನೆಲವು ಮಾಡಲಾರದು. ಹಿಂದೆ ವೈಶಾಖದಲ್ಲಿ ಅಂಗಳವು ಬಿರಿದಾಗ ರೈತರು ಗಾಡಿಗಟ್ಟಲೆ ಗೋಡನ್ನು ಹೊಲಗಳಿಗೆ ಹೊಡೆಯುತ್ತಿದ್ದರು. ದನಗಳು ಮೇದು ಗೊಬ್ಬರ ಹಾಕುತ್ತಿದ್ದುವು. ಬಿಸಿಲು ತಳದ ವಿಷವನ್ನು ಸುಡುತ್ತಿದ್ದಿತು. ಮೀನಿನ ಕೊಳವನ್ನು ಬೇಸಗೆಯಲ್ಲಿ ಪೂರ್ತಿಯಾಗಿ ಬರಿದುಮಾಡಿ, ತಳವು ಬಿರುಕುಬಿಡುವವರೆಗೆ ಒಣಗಿಸಿ, ಸುಣ್ಣ ಹಾಕಿದ ಮೇಲೆಯೇ ನೀರು ತುಂಬಬೇಕೆಂದು ಇಂದಿನ ಮತ್ಸ್ಯಶಾಸ್ತ್ರವು ಸಾಕಣೆಗಾರರಿಗೆ ಬೋಧಿಸುತ್ತದೆ. ಆ ಶಾಸ್ತ್ರದ ಕೇಂದ್ರ ಸಂಸ್ಥೆಯ ಪ್ರಾದೇಶಿಕ ಶಾಖೆಯೊಂದು ನಮ್ಮ ಹೆಸರಘಟ್ಟದ ಕೆರೆಯ ಬಳಿಯಲ್ಲಿಯೇ ಇದೆ. ಬೋಧನೆಯು ಖಾಸಗಿ ಕೊಳಕ್ಕೆ ಸರಿಯಾದುದಾದರೆ ಊರಿನ ಕೆರೆಗೆ ಏಕೆ ಸಲ್ಲದು? ಐದು ವರ್ಷಕ್ಕೊಮ್ಮೆಯಾದರೂ ಒಳಹರಿವನ್ನು ಬೇರೆಡೆಗೆ ತಿರುಗಿಸಿ, ಮಡುವೊಂದನ್ನು ಬಿಟ್ಟು, ಉಳಿದ ಅಂಗಳವನ್ನು ಒಂದು ಬೇಸಗೆ ಬಿಸಿಲಿಗೆ ಒಡ್ಡಬೇಕೆಂದು ನನ್ನ ಮತ. ಸುತ್ತಲೂ ಕಾಲುಹಾದಿ, ಕಬ್ಬಿಣದ ಬೇಲಿ, ಬಣ್ಣದ ದೀಪಗಳಿಗೆ ವ್ಯಯಿಸುವ ಹಣದಲ್ಲಿ ಅಲ್ಪಭಾಗವೇ ಇದಕ್ಕೆ ಸಾಕು. ಒಣಗಿದ ಕೆರೆಯನ್ನು ಕಂಡೊಡನೆ ನಿವೇಶನವೆಂದು ಅಳೆಯುವವರು ಬರುವರೆಂಬ ಭಯವಿದೆಯೆಂದು ಹಿತೈಷಿಗಳು ಹೇಳುತ್ತಾರೆ. ಅವರ ಭಯವು ನಿರಾಧಾರವಲ್ಲ. ಮೊದಲು ಎಲ್ಲೆಕಲ್ಲು, ಆಮೇಲೆ ಬಿಸಿಲು.

ಈ ಪ್ರಶ್ನೆಯು ಈಗ ನಗರವನ್ನು ದಾಟಿ ಹೋಗಿದೆ. ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಲ್ಲಿ ಶುದ್ಧೀಕರಿಸಿದ ಕೊಳಚೆನೀರನ್ನು ದಿನಕ್ಕೆ 21 ಕೋಟಿ ಲೀಟರಿನಂತೆ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರಗಳ ಕಡೆಯ 65 ಕೆರೆಗಳಿಗೆ ಏರಿಸುವ ಸಂಕಲ್ಪವುಂಟು. ಬಹುಕಾಲ ಬರಿದಾಗಿದ್ದ ಅಲ್ಲಿನ ಕೆರೆಗಳಿಗೆ ನೀರು ಬಂದುದು ಅಂತರ್ಜಲಕ್ಕೆ ಉಪಕಾರವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಆ ಕೆರೆಗಳಿಗೂ ಇನ್ನು ಮೇಲೆ ವೈಶಾಖದಲ್ಲಿ ಬತ್ತುವ ಯೋಗವಿಲ್ಲ. ಅಲ್ಲಿಯ ತಳಕ್ಕೆ ಎಷ್ಟು ಸಾರ ಇಳಿಯುತ್ತಿದೆಯೆಂಬುದನ್ನು ವರ್ಷವರ್ಷವೂ ಅಳೆದು, ಆಯಾ ಊರಿನ ಪಂಚಾಯತಿಯ ಹಲಗೆಯ ಮೇಲೆ ಬರೆಯಿಸತಕ್ಕದ್ದು.

ಕರ್ನಾಟಕದಲ್ಲಿ ಕೆರೆಯ ಮೀನಿನ ಗುತ್ತಿಗೆಯ ವರ್ಷವು ಜುಲೈ 1ರಂದು ಮೊದಲಾಗಿ ಜೂನ್ 30ರಂದು ಮುಗಿಯುತ್ತದೆ. ಬತ್ತಿದ ಕೆರೆಯಲ್ಲಿ ಹಳೆಯ ಲೆಕ್ಕವನ್ನು ಮುಗಿಸಿ, ಹೊಸನೀರಿನೊಡನೆ ಹೊಸ ಲೆಕ್ಕವನ್ನು ತೆರೆಯುತ್ತಿದ್ದ ಕಾಲದ ಕ್ರಮ ಅದು. ಕೆರೆಗಳಲ್ಲಿ ಆ ವರ್ಷವು ಮುಗಿಯುವುದು ನಿಂತುಹೋಗಿದೆ. ಕಚೇರಿಯ ಕಾಗದದಲ್ಲಿ ಮಾತ್ರ ಇನ್ನೂ ಮುಗಿಯುತ್ತಿದೆ.